ಮೆಗುಮಿ ಫುಜೀ: ಸತತ 22 ಗೆದ್ದ ಮೇಲೂ ಬೆಲಾಟರ್ ಬೆಲ್ಟ್ ಕೈತಪ್ಪಿದ್ದು ಹೇಗೆ?

ಕತ್ತರಿಪಟ್ಟು:
ಜಪಾನಿನ ಮಹಿಳಾ ಎಂಎಂಎ (ಗುದ್ದು, ಒದೆ, ಕುಸ್ತಿ ಎಲ್ಲ ಬೆರೆತ ಮಿಶ್ರ ಸಮರಕಲೆ) ಬಗ್ಗೆ ಎಲ್ಲಿಂದ ಓದಲು ಶುರು ಮಾಡಿದರೂ ಕೊನೆಗೆ ಮೆಗುಮಿ ಫುಜೀ ಹೆಸರಿಗೇ ಬಂದು ನಿಲ್ಲುತ್ತೇವೆ. 2004ರ ಆಗಸ್ಟ್‌ನಲ್ಲಿ ಮೊದಲ ಪಂದ್ಯ. 2010ರ ಅಕ್ಟೋಬರ್ ತನಕ 22ಕ್ಕೆ 22 ಗೆಲುವು. ನಿವೃತ್ತಿಯ ಹೊತ್ತಿಗೆ 26 ಗೆಲುವು, 3 ಸೋಲು. ಆ ಮೂರೂ ಸೋಲು ಅಂಕದ ಮೇಲೆ ಬಂದವು. ಆಕೆಯನ್ನು ಯಾರೂ ನಾಕೌಟ್ ಮಾಡಲಿಲ್ಲ, ಯಾರೂ ಟ್ಯಾಪ್ ಮಾಡಿಸಲಿಲ್ಲ, ಅಂದರೆ ಕೈ ತಟ್ಟಿ ಸೋಲೊಪ್ಪುವಂತೆ ಮಾಡಲಿಲ್ಲ.

ಇಷ್ಟಾದರೂ ಅಮೆರಿಕದ ದೊಡ್ಡ ಸಂಸ್ಥೆಯ ಬೆಲ್ಟ್ ಒಂದೂ ಆಕೆಯ ಸೊಂಟಕ್ಕೆ ಬರಲಿಲ್ಲ. ತಿಳಿದವರು ಮೂರು ವಿಷಯ ಬಿಡಿಸಿ ಹೇಳಿ. ಆರ್ಮ್‌ಬಾರ್ (ಎದುರಾಳಿಯ ತೋಳನ್ನು ಕಾಲುಗಳ ನಡುವೆ ಸಿಕ್ಕಿಸಿ ಮೊಣಕೈಯನ್ನು ಹಿಮ್ಮುಖ ಬಗ್ಗಿಸುವ ಪಟ್ಟು) ಹಾಕುತ್ತಾರೆ ಅಂತ ಎಲ್ಲರಿಗೂ ಗೊತ್ತಿದ್ದೂ ಎದುರಾಳಿಗಳು ಮತ್ತೆ ಮತ್ತೆ ಸಿಕ್ಕಿಬಿದ್ದದ್ದು ಹೇಗೆ? 2010ರ ಬೆಲಾಟರ್ ಟೂರ್ನಮೆಂಟ್‌ನಲ್ಲಿ ಜೋಯಿಲಾ ಫ್ರಾಸ್ಟೊ ಎದುರಿನ ಫೈನಲ್‌ನಲ್ಲಿ ನಿಜವಾಗಿ ಅನ್ಯಾಯ ಆಯಿತಾ? ಹೊಸದಾಗಿ ನೋಡುವವರು ಯಾವ ಪಂದ್ಯಗಳನ್ನು ಯಾವ ಕ್ರಮದಲ್ಲಿ ನೋಡಬೇಕು?

ನೆಲದಾಟ:
ಮೊದಲನೆಯದಕ್ಕೆ ಉತ್ತರ ಕೊಡುತ್ತೇನೆ, ಯಾಕೆಂದರೆ ಉಳಿದೆರಡರ ಬೇರು ಅಲ್ಲೇ ಇದೆ.

ಫುಜೀ ಹುಟ್ಟಿದ್ದು 1974ರಲ್ಲಿ, ಒಕಾಯಾಮಾದಲ್ಲಿ. ಜೂಡೋ ಚಿಕ್ಕಂದಿನಿಂದಲೇ ಬಂದದ್ದು. ಆಮೇಲೆ ರಷ್ಯಾದ ಕುಸ್ತಿ ಸಾಂಬೊ, ನೆಲದ ಮೇಲಿನ ಪಟ್ಟುಗಳ ಬ್ರೆಜಿಲಿಯನ್ ಜಿಯು-ಜಿತ್ಸು. ಎಂಎಂಎಗೆ ಇಳಿದಾಗ ವಯಸ್ಸು ಆಗಲೇ 30. ಅಂದರೆ 2004ರಲ್ಲಿ ಕಣಕ್ಕೆ ಬಂದವರು ಕಲಿಯುತ್ತಿದ್ದ ಹುಡುಗಿಯಲ್ಲ, ಪಳಗಿದ ಕೈ.

ಈ ಮೂರು ಕಲೆಗಳ ನಿಯಮ ಒಂದಕ್ಕೊಂದು ಬೇರೆ. ಜೂಡೋದಲ್ಲಿ ಮೊಣಕೈಗೆ ಲಾಕ್ (ಕೀಲನ್ನು ಒತ್ತಿ ತಿರುಚುವ ಪಟ್ಟು) ಹಾಕಬಹುದು, ಕತ್ತು ಹಿಸುಕಬಹುದು, ಕಾಲಿಗೆ ಲಾಕ್ ಹಾಕುವಂತಿಲ್ಲ. ಸ್ಪೋರ್ಟ್ ಸಾಂಬೊದಲ್ಲಿ ಕೈಗೂ ಕಾಲಿಗೂ ಲಾಕ್ ಹಾಕಬಹುದು, ಕತ್ತು ಹಿಸುಕಲು ಅವಕಾಶವಿಲ್ಲ. ಎರಡಕ್ಕೂ ಸಾಮಾನ್ಯವಾಗಿ ಉಳಿಯುವ ಪಟ್ಟು ಆರ್ಮ್‌ಬಾರ್. ವರ್ಷಗಟ್ಟಲೆ ಎರಡೂ ಅಂಗಿ ತೊಟ್ಟವರಿಗೆ ಅದು ಕೈಗೆ ಹತ್ತದಿದ್ದರೆ ಆಶ್ಚರ್ಯ.

ಜೂಡೋ ಕಲಿಸುವ ಇನ್ನೊಂದು ಅಭ್ಯಾಸ ಆತುರ. ನೆಲಕ್ಕೆ ಬಿದ್ದ ಮೇಲೆ ಕೆಲವೇ ಕ್ಷಣಗಳಲ್ಲಿ ಪಟ್ಟು ಮುಂದುವರಿಯದಿದ್ದರೆ ರೆಫರಿ 'ಮತೆ' (ನಿಲ್ಲಿಸಿ) ಅಂದು ಇಬ್ಬರನ್ನೂ ಎಬ್ಬಿಸಿಬಿಡುತ್ತಾರೆ. ಹಾಗಾಗಿ ಎಸೆತ ಮುಗಿದು ಎದುರಾಳಿ ಬೀಳುತ್ತಿರುವಾಗಲೇ ಕೈ ಹಿಡಿದಿರಬೇಕು. ಫುಜೀ ಪಂದ್ಯಗಳಲ್ಲಿ ಕಾಣುವುದು ಇದೇ: ಮೇಲೆ ಕೂತು ಆರಾಮಾಗಿ ಜಾಗ ಹುಡುಕುವ ಪದ್ಧತಿ ಇಲ್ಲ. ಬಿದ್ದ ಗಳಿಗೆಯಲ್ಲೇ ತೋಳು ಸಿಕ್ಕಿರುತ್ತದೆ.

ಇನ್ನು ಪಟ್ಟಿನ ವಿಷಯ. ಮೇಲಿನಿಂದ ಹಾಕುವ ಆರ್ಮ್‌ಬಾರ್ ಕೆಡುವುದು ಸಾಮಾನ್ಯವಾಗಿ ನಾಲ್ಕು ಕಡೆ.

ಒಂದು, ಸೊಂಟ ದೂರ ಕೂರುವುದು. ಕುಂಡಿ ಎದುರಾಳಿಯ ಭುಜಕ್ಕೆ ಅಂಟಿಕೊಂಡಿರಬೇಕು. ಒಂದು ಗೇಣು ಸಂದು ಬಿಟ್ಟರೂ ಮೊಣಕೈ ನಮ್ಮ ಸೊಂಟದ ಗೆರೆಗಿಂತ ಆಚೆ ಜಾರುತ್ತದೆ. ಆಮೇಲೆ ಎಷ್ಟು ಎಳೆದರೂ ಮುಂಗೈ ಬಾಗುತ್ತದೆಯೇ ಹೊರತು ಕೀಲಿಗೆ ಒತ್ತಡ ಬೀಳದು.

ಎರಡು, ಮಂಡಿ ಸಡಿಲ ಬಿಡುವುದು. ಎರಡೂ ಮಂಡಿ ಸೇರಿಸಿ ಆ ತೋಳನ್ನು ಅವಚಿಕೊಂಡಿರಬೇಕು. ಮಂಡಿ ಬಿಚ್ಚಿದರೆ ಎದುರಾಳಿ ಹೆಬ್ಬೆರಳನ್ನು ನೆಲದ ಕಡೆ ತಿರುಗಿಸಿ, ತೋಳನ್ನೇ ತಿರುಪಿ, ತಲೆಯ ದಿಕ್ಕಿಗೆ ಉರುಳಿ ಹೊರಬರುತ್ತಾಳೆ.

ಮೂರು, ಮುಖದ ಮೇಲಿನ ಕಾಲಿನಲ್ಲಿ ಭಾರ ಇಲ್ಲದಿರುವುದು. ಹಿಮ್ಮಡಿಯನ್ನು ನೆಲದ ಕಡೆ ಎಳೆದಿಟ್ಟರೆ ಎದುರಾಳಿ ತಲೆ ಎತ್ತಲಾರಳು. ಆ ಕಾಲು ಹಗುರಾದರೆ ಎದ್ದು ಕೂತು ನಮ್ಮ ಮೇಲೇ ಮಡಚಿ ಬೀಳುತ್ತಾಳೆ. ಜೂಡೋದಲ್ಲಿ ಅಷ್ಟಾದರೆ ರೆಫರಿ ಎಬ್ಬಿಸುತ್ತಾರೆ, ಎಂಎಂಎಯಲ್ಲಿ ಮೂಗಿಗೆ ಗುದ್ದು ಬೀಳುತ್ತದೆ.

ನಾಲ್ಕು, ಕೈಗೆ ಕೈ ಹೆಣೆದು ಹಿಡಿದುಕೊಂಡವರ ಹಿಡಿತ ಬಿಡಿಸುವಾಗ ಬರೀ ತೋಳಿನ ಬಲ ಸುರಿಯುವುದು. ನಮ್ಮ ಮೊಣಕೈ ಸಂದಿಯಲ್ಲಿ ಅವರ ಮಣಿಕಟ್ಟು ಕೊಕ್ಕೆ ಹಾಕಿ, ಬೆನ್ನನ್ನೇ ಒಂದು ಪಕ್ಕಕ್ಕೆ ಒರಗಿಸಿ ಕಿತ್ತರೆ ಬಿಡುತ್ತದೆ.

ಫುಜೀ ಈ ನಾಲ್ಕರಲ್ಲೂ ಅಚ್ಚುಕಟ್ಟು. ಆದರೆ ಆಕೆಯ ನಿಜವಾದ ಆಯುಧ ಸರಣಿ. ಎದುರಾಳಿ ತೋಳು ಕಾಪಾಡಿಕೊಳ್ಳಲು ತಿರುಗಿದರೆ ಬೆನ್ನು ಸಿಗುತ್ತದೆ, ಎದ್ದು ನಿಲ್ಲಲು ಹೋದರೆ ಕಾಲು ಸಿಗುತ್ತದೆ. ಆರ್ಮ್‌ಬಾರ್ ಬರುತ್ತದೆ ಅಂತ ಗೊತ್ತಿದ್ದರೂ ಉಪಯೋಗವಿಲ್ಲ ಅಂದದ್ದು ಅದಕ್ಕೇ. ಅದರಿಂದ ತಪ್ಪಿಸಿಕೊಳ್ಳುವ ದಾರಿಯಲ್ಲೇ ಎರಡನೆಯ ಬಲೆ ಹಾಸಿರುತ್ತದೆ.

ಹತ್ತಂಕ:
ಫೈನಲ್ ವಿಷಯಕ್ಕೆ ಬರೋಣ. ಮೊದಲು ದಿನಾಂಕಗಳನ್ನು ನೋಡಿ, ಅರ್ಧ ಕಥೆ ಅಲ್ಲೇ ಇದೆ.

ಅಮೆರಿಕದ ಎಂಎಂಎ ಸಂಸ್ಥೆ ಬೆಲಾಟರ್ 2010ರಲ್ಲಿ 115 ಪೌಂಡ್, ಅಂದರೆ 52.2 ಕೆಜಿ ಮಹಿಳಾ ಟೂರ್ನಮೆಂಟ್ ಇಟ್ಟಿತು. ಕ್ವಾರ್ಟರ್ ಫೈನಲ್ ಆಗಸ್ಟ್ 12, ಕಾರ್ಲಾ ಎಸ್ಪಾರ್ಜಾ ಎದುರು, ಎರಡನೇ ಸುತ್ತಿನಲ್ಲಿ ಆರ್ಮ್‌ಬಾರ್. ಸೆಮಿಫೈನಲ್ ಸೆಪ್ಟೆಂಬರ್ 30, ಲಿಸಾ ವಾರ್ಡ್ ಎದುರು ಸರ್ವಾನುಮತದ ತೀರ್ಪು. ಫೈನಲ್ ಅಕ್ಟೋಬರ್ 28, ಜೋಯಿಲಾ ಫ್ರಾಸ್ಟೊ ಎದುರು ಐದು ನಿಮಿಷದ ಐದು ಸುತ್ತು. ಸೆಮಿಯಲ್ಲಿ ಪೂರ್ತಿ ಮೂರು ಸುತ್ತು ಆಡಿ 28 ದಿನಕ್ಕೆ ಐದು ಸುತ್ತಿನ ಪಂದ್ಯ, ಅದೂ 36ನೇ ವಯಸ್ಸಿನಲ್ಲಿ. ಟೂರ್ನಮೆಂಟ್ ಅಂದ ಮೇಲೆ ಫ್ರಾಸ್ಟೊಗೂ ಬಿಡುವು ಕಡಿಮೆಯೇ, ಅದನ್ನು ನೆಪ ಮಾಡುವಂತಿಲ್ಲ. ಆದರೆ ಹಿಡಿದು ಬೀಳಿಸಿ ಮುಗಿಸುವ ಆಟಕ್ಕೆ ದೇಹ ಕೇಳುವ ಬೆಲೆ ದೂರ ನಿಂತು ಒದೆಯುವ ಆಟಕ್ಕಿಂತ ಹೆಚ್ಚು.

ತೀರ್ಪು ಒಡೆದದ್ದು: ಇಬ್ಬರು ಫ್ರಾಸ್ಟೊ ಕಡೆ, ಒಬ್ಬರು ಫುಜೀ ಕಡೆ. ಫುಜೀ ಗೆದ್ದರು ಅಂತಲೇ ಲೆಕ್ಕ ಹಾಕಿದವರು ಆಗಲೂ ಬಹಳ ಜನ ಇದ್ದರು, ಈಗಲೂ ಇದ್ದಾರೆ.

ನನ್ನ ಅಭಿಪ್ರಾಯ: ಪಂದ್ಯ ಹತ್ತಿರದ್ದು, ಲೂಟಿ ಅನ್ನುವಷ್ಟಲ್ಲ. ಪ್ರತಿ ಸುತ್ತನ್ನೂ ಬೇರೆಯಾಗಿ 10-9 ಅಂತ (ಸುತ್ತು ಗೆದ್ದವರಿಗೆ 10, ಸೋತವರಿಗೆ 9) ಬರೆಯುವ ಪದ್ಧತಿಯಲ್ಲಿ ಕೂದಲೆಳೆಯ ಅಂತರದ ಸುತ್ತಿಗೂ ಸ್ಪಷ್ಟವಾಗಿ ಗೆದ್ದ ಸುತ್ತಿಗೂ ಬೆಲೆ ಒಂದೇ. ಎರಡು ಸುತ್ತನ್ನು ನಿಚ್ಚಳವಾಗಿ ಗೆದ್ದು ಮೂರನ್ನು ಎಳೆಯಷ್ಟರಲ್ಲಿ ಬಿಟ್ಟರೆ 47-48, ಬೆಲ್ಟ್ ಆಚೆ. ಪ್ರೈಡ್‌ನಂಥ ಜಪಾನಿನ ಸಂಸ್ಥೆಯಲ್ಲಿ ತೀರ್ಪುಗಾರರು ಪಂದ್ಯವನ್ನು ಇಡಿಯಾಗಿ ನೋಡುತ್ತಿದ್ದರು. ಮುಗಿಸಲು ಯಾರು ಹೆಚ್ಚು ಪ್ರಯತ್ನಪಟ್ಟರು ಅನ್ನುವುದೇ ಅವರ ಮೊದಲ ಮಾನದಂಡ. ಅಲ್ಲಿಯ ಕಣ್ಣಿನಿಂದ ನೋಡಿದರೆ ಫಲಿತಾಂಶ ಬೇರೆ ಕಾಣುತ್ತದೆ. ಆದರೆ ಪಂದ್ಯ ನಡೆದದ್ದು ಫ್ಲಾರಿಡಾದ ಹಾಲಿವುಡ್‌ನಲ್ಲಿ.

ಇನ್ನೊಂದು ಮಾತು. ಬೀಳಿಸಲು ಹೋಗಿ ವಿಫಲವಾದ ಪ್ರಯತ್ನಕ್ಕೆ ಅಂಕ ಇಲ್ಲ. ಸೊಂಟ ಹಿಡಿದು ಇಪ್ಪತ್ತು ಸೆಕೆಂಡ್ ನೂಕಾಡಿ, ಬಿಡುವಾಗ ಒಂದು ಗುದ್ದು ತಿಂದರೆ ತೀರ್ಪುಗಾರರ ನೆನಪಿನಲ್ಲಿ ಉಳಿಯುವುದು ಆ ಗುದ್ದು ಮಾತ್ರ.

ಕತ್ತರಿಪಟ್ಟು:
ಎಸ್ಪಾರ್ಜಾ ಸ್ವತಃ ಒಳ್ಳೆಯ ಕುಸ್ತಿಪಟು. ಆಕೆಯನ್ನು ಎರಡನೇ ಸುತ್ತಿಗೇ ಮುಗಿಸಿದವರು ಫ್ರಾಸ್ಟೊರನ್ನು ಐದು ಸುತ್ತಿನಲ್ಲೂ ಯಾಕೆ ಮುಗಿಸಲಾಗಲಿಲ್ಲ? ಫ್ರಾಸ್ಟೊ ಗ್ರ್ಯಾಪ್ಲಿಂಗ್‌ನಲ್ಲಿ, ಅಂದರೆ ಹಿಡಿದಾಟದಲ್ಲಿ, ಎಸ್ಪಾರ್ಜಾಗಿಂತ ಮೇಲೇನಲ್ಲವಲ್ಲ.

ಪಂಜರ_ಗೋಡೆ:
ಎಸ್ಪಾರ್ಜಾ ಕುಸ್ತಿಪಟು ಆಗಿದ್ದದ್ದೇ ಫುಜೀಗೆ ಅನುಕೂಲ. ಕುಸ್ತಿಯವರು ಹತ್ತಿರ ಬರುತ್ತಾರೆ, ಹಿಡಿಯುತ್ತಾರೆ, ನೆಲಕ್ಕೂ ಅವರೇ ಕರೆದೊಯ್ಯುತ್ತಾರೆ. ಫುಜೀಗೆ ಬೀಳಿಸುವ ಕಷ್ಟವೇ ತಪ್ಪಿತು. ಫ್ರಾಸ್ಟೊ ಹೊಡೆದಾಟದವರು, ಎತ್ತರದಲ್ಲೂ ಮೇಲುಗೈ. ದೂರ ಕಾಯ್ದುಕೊಂಡು, ಹಿಡಿದಾಗ ಬಿಡಿಸಿಕೊಂಡು ಮತ್ತೆ ದೂರ ಹೋಗುವುದು ಅವರ ಕೆಲಸ.

ಇಲ್ಲಿ ಯಾರೂ ಎತ್ತದ ವಿಷಯ ಕಣದ ಆಕಾರ. ಜಪಾನಿನಲ್ಲಿ ಆ ಕಾಲದ ಹೆಚ್ಚಿನ ಮಹಿಳಾ ಪಂದ್ಯಗಳು ಹಗ್ಗ ಕಟ್ಟಿದ ಚೌಕದಲ್ಲಿ ನಡೆಯುತ್ತಿದ್ದವು. ವಾಲ್ಕಿರಿಯಂಥ ಪಂಜರದ ಸರಣಿ ಅಪರೂಪ. ಹಗ್ಗಕ್ಕೆ ಒರಗಿದವಳನ್ನು ಹಿಡಿದರೆ ಹಗ್ಗ ಹಿಂದಕ್ಕೆ ಜಗ್ಗುತ್ತದೆ, ಆಧಾರ ಗಟ್ಟಿ ಇಲ್ಲ. ಇಬ್ಬರೂ ಹಗ್ಗದ ಸಂದಿಯಲ್ಲಿ ಸಿಕ್ಕಿದರೆ ರೆಫರಿ ಅಲುಗಾಡಬೇಡಿ ಅಂದು ಅದೇ ಭಂಗಿಯಲ್ಲಿ ಮಧ್ಯಕ್ಕೆ ತಂದು ಬಿಡುತ್ತಾರೆ. ಹಿಡಿತ ಉಳಿಯಿತು, ಜಾಗವೂ ಸಿಕ್ಕಿತು.

ಬೆಲಾಟರ್‌ನಂಥ ಪಂಜರದಲ್ಲಿ ಬೆನ್ನಿಗೆ ಜಾಲರಿಯ ಗೋಡೆ. ಬೆನ್ನು ಅಂಟಿಸಿ ಕಾಲು ಅಗಲಿಸಿ ನಿಂತವಳನ್ನು ಜೂಡೋ ಎಸೆತದಿಂದ ಕೆಡವುವುದು ಕಷ್ಟ. ಎಸೆತಕ್ಕೆ ಎದುರಾಳಿ ಚಲನೆಯಲ್ಲಿರಬೇಕು, ಭಾರ ಒಂದು ಕಾಲಿನಿಂದ ಇನ್ನೊಂದಕ್ಕೆ ಹೋಗುತ್ತಿರಬೇಕು. ಗೋಡೆಗೆ ಒರಗಿದವಳ ಭಾರ ಎಲ್ಲೂ ಹೋಗುತ್ತಿಲ್ಲ. ಅಲ್ಲಿ ಬೇಕಾಗುವುದೇ ಬೇರೆ: ಎರಡೂ ತೊಡೆಯ ಹಿಂದೆ ಕೈ ಬೆಸೆದು, ಗೋಡೆಯಿಂದ ಬಿಡಿಸಿ ಪಕ್ಕಕ್ಕೆ ತಿರುಗಿಸಿ ಬೀಳಿಸುವುದು, ಇಲ್ಲವೇ ಒಳಗಿನಿಂದ ಕಾಲು ಕೊಕ್ಕೆ ಹಾಕುವುದು. ಬೀಳಿಸಿದ ಮೇಲೂ ಬುಡದಲ್ಲಿ ಜಾಗ ಇಲ್ಲ. ಎದುರಾಳಿಯ ತಲೆ ಜಾಲರಿಗೆ ತಾಗಿದ್ದರೆ ಆರ್ಮ್‌ಬಾರ್‌ಗೆ ಬೇಕಾದ 90 ಡಿಗ್ರಿ ತಿರುಗುವುದಕ್ಕೇ ಆಗುವುದಿಲ್ಲ. ಅವಳು ಜಾಲರಿಗೆ ಬೆನ್ನು ಉಜ್ಜಿಕೊಂಡೇ ಎದ್ದು ನಿಲ್ಲುತ್ತಾಳೆ. ಪಂಜರದಲ್ಲಿ ಫುಜೀ ಗೆದ್ದ ಪಂದ್ಯಗಳೂ ಇವೆ, ಅದು ಸರಿ. ಆದರೆ ಬಿಡಿಸಿಕೊಳ್ಳುವುದನ್ನೇ ಗುರಿ ಮಾಡಿಕೊಂಡವಳಿಗೆ ಗೋಡೆ ಮೂರನೇ ಕೈ ಇದ್ದ ಹಾಗೆ.

ಸುತ್ತು_ಮೂರು:
ನಿಯಮ, ಪಂಜರ, ತೀರ್ಪುಗಾರರು ಎಲ್ಲ ಸರಿ. ಆದರೂ ನಾನು ಕಾಲವನ್ನೇ ದೂರುತ್ತೇನೆ. ಆಕೆ ಉತ್ತುಂಗದಲ್ಲಿದ್ದ 2004-2009ರಲ್ಲಿ ಆಕೆಯ ತೂಕದವರಿಗೆ ಜಪಾನಿನ ಆಚೆ ಗೆಲ್ಲಲು ದೊಡ್ಡ ಬೆಲ್ಟೇ ಇರಲಿಲ್ಲ. ಅಮೆರಿಕದ ಇನ್ನೊಂದು ಸಂಸ್ಥೆ ಸ್ಟ್ರೈಕ್‌ಫೋರ್ಸ್‌ನಲ್ಲಿ ಮಹಿಳೆಯರಿಗಿದ್ದ ತೂಕ 135 ಮತ್ತು 145 ಪೌಂಡ್. ಅಲ್ಲಿಗೆ ಹೋದ ಜಪಾನಿಯರ ಗತಿ ನೋಡಿ. ಹಿತೋಮಿ ಅಕಾನೊ 2009ರ ಏಪ್ರಿಲ್‌ನಲ್ಲಿ ಕ್ರಿಸ್ ಸೈಬೋರ್ಗ್ ಎದುರು ನಿಂತರು. ಸೈಬೋರ್ಗ್ ತೂಕದ ಮಿತಿಯನ್ನೂ ಮೀರಿದ್ದರು. ಮೂರನೇ ಸುತ್ತಿನಲ್ಲಿ ಅಕಾನೊ ಟಿಕೆಓನಿಂದ (ಪಂದ್ಯ ಮಧ್ಯದಲ್ಲೇ ನಿಲ್ಲಿಸಿ) ಸೋತರು. ತಕಾಯೊ ಹಾಶಿ 2010ರ ಫೆಬ್ರವರಿಯಲ್ಲಿ ಸಾರಾ ಕೌಫ್‌ಮನ್ ಎದುರು ಅಂಕದ ಮೇಲೆ ಸೋತರು.

ಇನ್ನು ಅಮೆರಿಕದ ಅತಿ ದೊಡ್ಡ ಎಂಎಂಎ ಸಂಸ್ಥೆ ಯುಎಫ್‌ಸಿ. ಅಲ್ಲಿ ಮಹಿಳೆಯರ ಮೊದಲ ಪಂದ್ಯ 2013ರ ಫೆಬ್ರವರಿ, ಅದೂ 135 ಪೌಂಡ್. ಫುಜೀ ನಿವೃತ್ತಿ 2013ರ ಅಕ್ಟೋಬರ್ 5, ವಯಸ್ಸು 39. ಯುಎಫ್‌ಸಿ 115 ಪೌಂಡ್ ವಿಭಾಗ ತೆರೆಯುವುದಾಗಿ ಹೇಳಿದ್ದು ಅದೇ ಡಿಸೆಂಬರ್‌ನಲ್ಲಿ. ಒಂದು ವರ್ಷದ ನಂತರ ಆ ವಿಭಾಗದ ಮೊದಲ ಚಾಂಪಿಯನ್ ಆದವರು ಯಾರು? ಕಾರ್ಲಾ ಎಸ್ಪಾರ್ಜಾ. ಫುಜೀಯ ಆರ್ಮ್‌ಬಾರ್‌ಗೆ ಟ್ಯಾಪ್ ಮಾಡಿದ ಅದೇ ಎಸ್ಪಾರ್ಜಾ.

ಹತ್ತಂಕ:
ಎಸ್ಪಾರ್ಜಾ ವಾದವನ್ನು ಜಾಸ್ತಿ ಎಳೆಯಬೇಡಿ. 2010ರಲ್ಲಿ ಅವರ ವೃತ್ತಿ ಆಗತಾನೇ ಶುರುವಾಗಿತ್ತು. ಟೂರ್ನಮೆಂಟ್‌ಗೂ ಬದಲಿಯಾಗಿ ಬಂದವರು. 2014ರ ಎಸ್ಪಾರ್ಜಾ ಬೇರೆಯೇ. 'ಅವಳನ್ನು ಇವಳು ಗೆದ್ದಳು, ಇವಳನ್ನು ಮತ್ತೊಬ್ಬಳು' ಅನ್ನುವ ಲೆಕ್ಕ ಎಂಎಂಎಯಲ್ಲಿ ಯಾವತ್ತೂ ತಾಳೆಯಾಗಿಲ್ಲ.

ನೆಲದಾಟ:
ಜೊತೆಗೆ ಒಂದು ತಿದ್ದುಪಡಿ. ಕೆಲವು ಕಡೆ ಫುಜೀಯವರನ್ನು ಜಪಾನಿನ ಮೊದಲ ಮಹಿಳಾ ಎಂಎಂಎ ಹೋರಾಟಗಾರ್ತಿ ಅಂತ ಬರೆದಿರುತ್ತಾರೆ. ಹಾಗಲ್ಲ. 1995ರಲ್ಲೇ ಮಹಿಳೆಯರ ಎಲ್-1 ಟೂರ್ನಮೆಂಟ್ ನಡೆದಿತ್ತು. ಪ್ರೊ ರೆಸ್ಲಿಂಗ್‌ನ ಶಿನೊಬು ಕಂದೋರಿ ಅಲ್ಲಿ ದೈತ್ಯದೇಹಿ ಸ್ವೆತ್ಲಾನಾ ಗೊಂಡಾರೆಂಕೊ ಎದುರು ಸೋತು, 1998ರಲ್ಲಿ ತಿರುಗಿ ಗೆದ್ದರು. 2000ದ ಡಿಸೆಂಬರ್‌ನಲ್ಲಿ ನಿಪ್ಪಾನ್ ಬುದೊಕಾನ್‌ನಲ್ಲಿ ರೀಮಿಕ್ಸ್ ವಿಶ್ವಕಪ್ ನಡೆಯಿತು. ಗೆದ್ದವರು ನೆದರ್‌ಲ್ಯಾಂಡ್ಸ್‌ನ 19ರ ಹುಡುಗಿ ಮಾರ್ಲೂಸ್ ಕೂನೆನ್. ಆ ರೀಮಿಕ್ಸೇ ಮರುವರ್ಷ ಸ್ಮ್ಯಾಕ್‌ಗರ್ಲ್ ಎಂಬ ಮಹಿಳಾ ಎಂಎಂಎ ಸಂಸ್ಥೆ ಆಯಿತು. ಫುಜೀ ಕಾಲಿಟ್ಟಿದ್ದು ಅಲ್ಲಿಗೆ.

ಸಾಂಬೊ ಹಿನ್ನೆಲೆಯ ಸತೋಕೊ ಶಿನಾಶಿ ಫುಜೀಗಿಂತ ಮೊದಲೇ ಆರ್ಮ್‌ಬಾರ್‌ಗಳಿಂದ ಸಾಲು ಸಾಲು ಗೆದ್ದಿದ್ದರು. ಅವರ ಓಟ ನಿಂತದ್ದು 2006ರಲ್ಲಿ ಡೀಪ್ ಸಂಸ್ಥೆಯ ಪಂದ್ಯದಲ್ಲಿ, ಹಿಸಾಯೆ ವತಾನಬೆ ನಾಕೌಟ್ ಮಾಡಿದಾಗ. ಪ್ರವರ್ತಕರು ಅಂದರೆ ಈ ಎಲ್ಲರೂ ಸೇರಬೇಕು. ಫುಜೀ ವಿಶೇಷ ಎಂದರೆ ಆ ಮನೆಯೊಳಗಿನ ಆಟವನ್ನು ಹೊರದೇಶದ ಪಂಜರಕ್ಕೆ ಒಯ್ದು ಅಲ್ಲೂ ನಡೆಯುತ್ತದೆ ಅಂತ ತೋರಿಸಿದ್ದು.

ಸ್ಮ್ಯಾಕ್‌ಗರ್ಲ್ ಆರಂಭದ ನಿಯಮವನ್ನೂ ತಿಳಿದಿರಿ. ನೆಲದ ಮೇಲೆ 30 ಸೆಕೆಂಡ್ ಮಾತ್ರ, ಅಷ್ಟರೊಳಗೆ ಪಟ್ಟು ಕೂರದಿದ್ದರೆ ಎದ್ದು ನಿಲ್ಲಿಸುತ್ತಿದ್ದರು. ಬಿದ್ದವರ ಮುಖಕ್ಕೆ ಗುದ್ದುವುದಕ್ಕೂ ಕಡಿವಾಣ ಇತ್ತು. ಕಾಲಮಿತಿಯನ್ನು ಆಮೇಲೆ ಕೈಬಿಟ್ಟರು. ಆ ತಲೆಮಾರಿನ ಜಪಾನಿಯರು ಬಿದ್ದ ಕೂಡಲೇ ಲಾಕ್‌ಗೆ ಕೈ ಹಾಕುತ್ತಿದ್ದದ್ದಕ್ಕೂ, ಮೇಲೆ ಕೂತು ಗುದ್ದಿ ಅಂಕ ಗಳಿಸುವ ರೂಢಿ ಬೆಳೆಯದೇ ಹೋದದ್ದಕ್ಕೂ ಇದೇ ಕಾರಣ. ಅಮೆರಿಕದ ತೀರ್ಪುಗಾರರ ಮುಂದೆ ಆ ಎರಡನೆಯ ಕೊರತೆ ದುಬಾರಿಯಾಯಿತು.

ಕತ್ತರಿಪಟ್ಟು:
ಉಳಿದ ಎರಡು ಸೋಲು ಎರಡೂ ಜೆಸಿಕಾ ಅಗಿಲಾರ್ ಎದುರೇ ಅಲ್ಲವೇ? ಕೊನೆಯ ಪಂದ್ಯ ಕಣ್ಣಿಗೆ ಬೆರಳು ತಾಗಿ ನಿಂತಿತಂತೆ. ಹಾಗಿದ್ದರೆ ರದ್ದು ಅನ್ನಬೇಕಿತ್ತು, ಸೋಲು ಅಂತ ಯಾಕೆ ಬರೆದರು?

ಪಂಜರ_ಗೋಡೆ:
ಹೌದು. ಮೊದಲನೆಯದು 2012ರ ಮೇ 18, ಬೆಲಾಟರ್ 69, ಮೂರು ಸುತ್ತಿನ ತೀರ್ಪು. ಎರಡನೆಯದು 2013ರ ಅಕ್ಟೋಬರ್ 5, ಟೋಕಿಯೊದಲ್ಲಿ ನಡೆದ ವಿಟಿಜೆ 3 ಕೂಟ. ಅದೇ ವಿದಾಯದ ಪಂದ್ಯ ಅಂತ ಮೊದಲೇ ಹೇಳಿದ್ದರು.

ನಿಯಮ ಹೀಗೆ. ಕಣ್ಣಿಗೆ ಬೆರಳು ಹಾಕುವುದು ಫೌಲ್. ಬೇಕೆಂದೇ ಮಾಡಿದ್ದು ಅಂತ ರೆಫರಿಗೆ ಅನಿಸಿ, ಪೆಟ್ಟು ತಿಂದವರು ಮುಂದುವರಿಯಲಾಗದಿದ್ದರೆ ಮಾಡಿದವರು ಅನರ್ಹ. ಆಕಸ್ಮಿಕ ಅಂತಾದರೆ ಗಡಿಯಾರ ನೋಡುತ್ತಾರೆ. ಮೂರು ಸುತ್ತಿನ ಪಂದ್ಯದಲ್ಲಿ ಎರಡು ಸುತ್ತು ಮುಗಿಯುವ ಮೊದಲೇ ನಿಂತರೆ ಫಲಿತಾಂಶ ಇಲ್ಲ. ಎರಡು ಮುಗಿದಿದ್ದರೆ ಅಲ್ಲಿಯವರೆಗಿನ ಅಂಕ ಕೂಡಿಸಿ ಮುಂದಿದ್ದವರಿಗೆ ಗೆಲುವು. ಇದನ್ನೇ ಟೆಕ್ನಿಕಲ್ ಡಿಸಿಷನ್ ಅನ್ನುವುದು. ಫುಜೀ ಪಂದ್ಯ ನಿಂತದ್ದು ಎರಡನೇ ಸುತ್ತು ಮುಗಿದ ಮೇಲೆ, ಅಂಕದಲ್ಲಿ ಅಗಿಲಾರ್ ಮುಂದಿದ್ದರು. ಒಂದು ಸುತ್ತು ಮೊದಲೇ ನಿಂತಿದ್ದರೆ ಈ ಸೋಲು ದಾಖಲೆಯಲ್ಲೇ ಇರುತ್ತಿರಲಿಲ್ಲ.

ಇದು ಇಷ್ಟು ಸಲ ಆಗುವುದಕ್ಕೆ ಗ್ಲೋವ್ಸ್ ಕಾರಣ. ಎಂಎಂಎ ಗ್ಲೋವ್ಸ್ ಸುಮಾರು 4 ಔನ್ಸ್, ಹಿಡಿಯಲು ಅನುಕೂಲವಾಗಲಿ ಅಂತ ಬೆರಳು ಬಿಚ್ಚಿರುತ್ತದೆ. ಒಳನುಗ್ಗುವವರನ್ನು ತಡೆಯಲು ಅಂಗೈ ಚಾಚಿ ಹಣೆಯ ಮೇಲೆ ಇಡುವುದು ಹೊಡೆದಾಟದವರ ಅಭ್ಯಾಸ. ತಲೆ ತಗ್ಗಿಸಿ ನುಗ್ಗುವ ಗ್ರ್ಯಾಪ್ಲರ್‌ನ ಕಣ್ಣು ಸೀದಾ ಆ ಬೆರಳಿನ ತುದಿಗೆ ಬರುತ್ತದೆ. ಬೆರಳು ಮೇಲ್ಮುಖ ಮಾಡಿ ಅಥವಾ ಮುಷ್ಟಿ ಕಟ್ಟಿ ಚಾಚು ಅಂತ ರೆಫರಿ ಎಚ್ಚರಿಸಬೇಕು. ಎಚ್ಚರಿಕೆಯಲ್ಲೇ ಮುಗಿಸಿ ಅಂಕ ಕಡಿಯದಿದ್ದರೆ ಅದು ನಿಲ್ಲುವುದಿಲ್ಲ. ನನ್ನ ಮಟ್ಟಿಗೆ ಮೊದಲ ಸಲ ಎಚ್ಚರಿಕೆ, ಎರಡನೇ ಸಲ ಒಂದು ಅಂಕ ಕಡಿತ, ಅಷ್ಟೇ.

ಸುತ್ತು_ಮೂರು:
ನೋಡುವ ಕ್ರಮ ಕೇಳಿದ್ದಿರಿ. ನಾನಾದರೆ ಎಸ್ಪಾರ್ಜಾ ಪಂದ್ಯದಿಂದ ಶುರು ಮಾಡಿಸುತ್ತೇನೆ. ಮೊದಲ ಸುತ್ತಿನಲ್ಲಿ ಯಾರು ಯಾರನ್ನು ಹಿಡಿಯುತ್ತಿದ್ದಾರೆ ಅನ್ನುವುದನ್ನೇ ಗಮನಿಸಿ, ಎರಡನೇ ಸುತ್ತು ತಾನಾಗಿ ಅರ್ಥವಾಗುತ್ತದೆ. ಆಮೇಲೆ 2011ರ ಡಿಸೆಂಬರ್ 31ರ ಸೈತಾಮಾ ಪಂದ್ಯ, ಕಾರ್ಲಾ ಬೆನಿಟೆಜ್ ಎದುರು, ಮೊದಲ ಸುತ್ತಿನಲ್ಲೇ ಆರ್ಮ್‌ಬಾರ್. ಪಟ್ಟು ಅಡ್ಡಿಯಿಲ್ಲದೆ ಹೇಗೆ ಕೂರುತ್ತದೆ ಅಂತ ನೋಡಲು ಅದು ಸಾಕು. ಆನಂತರ ಫ್ರಾಸ್ಟೊ ಫೈನಲ್, ಧ್ವನಿ ಬಂದ್ ಮಾಡಿ, ಪ್ರತಿ ಸುತ್ತಿನ ಕೊನೆಗೆ ಕಾಗದದ ಮೇಲೆ 10-9 ಬರೆದುಕೊಂಡು. ವೀಕ್ಷಕ ವಿವರಣೆ ಕೇಳುತ್ತಾ ಅಂಕ ಹಾಕಿದರೆ ಅದು ಅವರ ಅಂಕವೇ. ಅಗಿಲಾರ್ ಪಂದ್ಯಗಳು ಕೊನೆಗೆ.

ನೆಲದಾಟ:
ಆ ಪಟ್ಟಿಗೆ ಇನ್ನೊಂದು ಸೇರಿಸಿ, ಅದರಲ್ಲಿ ಫುಜೀ ಆಡುವುದಿಲ್ಲ. ಎಎಸಿಸಿ ಜಿಮ್‌ನಲ್ಲಿ ಅವರ ಕೈಕೆಳಗೆ ಬೆಳೆದವರು ಅಯಾಕಾ ಹಮಸಾಕಿ, ಅವರದೂ ಜೂಡೋ ಬುನಾದಿ. 2015ರ ಜುಲೈನಲ್ಲಿ ಹೆರಿಕಾ ತಿಬುರ್ಸಿಯೊ ಅವರನ್ನು ಸೋಲಿಸಿ ಅಮೆರಿಕದ ಮಹಿಳಾ ಎಂಎಂಎ ಸಂಸ್ಥೆ ಇನ್‌ವಿಕ್ಟಾದ 105 ಪೌಂಡ್ ಬೆಲ್ಟ್ ಗೆದ್ದರು. ಆ ಸಂಸ್ಥೆಯ ಬೆಲ್ಟ್ ಗೆದ್ದ ಮೊದಲ ಜಪಾನಿ ಅವರೇ. 2018ರ ಡಿಸೆಂಬರ್ 31ರಂದು ಜಪಾನಿನ ರಿಜಿನ್ ಸಂಸ್ಥೆಯಲ್ಲಿ ಕನ್ನಾ ಅಸಾಕುರಾ ಎದುರು 49 ಕೆಜಿ ಬೆಲ್ಟ್ ಗೆದ್ದದ್ದು ಎರಡನೇ ಸುತ್ತಿನ ಆರ್ಮ್‌ಬಾರ್‌ನಿಂದ. ಮೇಲೆ ಬರೆದ ನಾಲ್ಕು ಅಂಶ ಇಟ್ಟುಕೊಂಡು ಆ ಪಂದ್ಯ ನೋಡಿ. ಸೊಂಟ ಎಲ್ಲಿದೆ, ಮಂಡಿ ಎಷ್ಟು ಬಿಗಿ ಇದೆ, ಹಿಮ್ಮಡಿ ಎಲ್ಲಿ ಎಳೆದಿದೆ ಅನ್ನುವುದನ್ನು ನಿಧಾನಗತಿಯಲ್ಲಿ ನಿಲ್ಲಿಸಿ ನಿಲ್ಲಿಸಿ ನೋಡಬಹುದು.

ಕತ್ತರಿಪಟ್ಟು:
ಧ್ವನಿ ಬಂದ್ ಮಾಡಿ ಅಂಕ ಹಾಕುವ ಉಪಾಯ ಚೆನ್ನಾಗಿದೆ. ಫೈನಲ್ ನೋಡಿ ಐದೂ ಸುತ್ತಿನ ಅಂಕ ಇಲ್ಲೇ ಹಾಕುತ್ತೇನೆ. ಹತ್ತಂಕ, ನಿಮ್ಮದನ್ನೂ ಸುತ್ತುವಾರು ಬರೆಯಿರಿ, ಎಲ್ಲಿ ಬೇರೆಯಾಗುತ್ತದೆ ನೋಡೋಣ.

ಹತ್ತಂಕ:
ಆಗಲಿ. ನಿಮ್ಮದು ಮೊದಲು ಬರಲಿ, ನನ್ನದು ನೋಡಿ ಬರೆದರೆ ಲೆಕ್ಕಕ್ಕಿಲ್ಲ.